ಹಗೇವಿಗೆ ಇಳಿಸಿದ ದೀಪ

ಮೊನ್ನೆ ಕೊಳಾಲದಲ್ಲಿ ತಮ್ಮನ ಮಗಳ ಮನೆಗೆ ಹೋಗಿದ್ದೆ. ಅವಳ ಕೂಸಿಗೆ ಆರು ತಿಂಗಳು ತುಂಬಿದೆ. ರಾಗಿ ಸರಿ ತಿನ್ನಿಸುವುದಕ್ಕೆಂದು ಕಾಳು ನೆನೆಹಾಕಿ ಬಟ್ಟೆಯಲ್ಲಿ ಮೊಳಕೆ ಕಟ್ಟಿದ್ದಳು. ಕೂಸಿಗೆ ಜ್ವರ ಬಂದ ಗಡಿಬಿಡಿಯಲ್ಲಿ ಗಂಟು ಎರಡು ದಿನ ಹೆಚ್ಚಿಗೆ ಉಳಿದುಬಿಟ್ಟಿತ್ತು. ನಾನು ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಗ ಅವಳು ಅದನ್ನು ಬಿಚ್ಚಿದಳು. ಪೂರ್ತಿ ಹುಳಿಯೂ ಅಲ್ಲದ, ಸಿಹಿಯೂ ಅಲ್ಲದ, ಬೆಚ್ಚಗಿನ ಒಂದು ವಾಸನೆ ಎದ್ದಿತು. ಲೋಟವನ್ನು ಅಲ್ಲೇ ಇಟ್ಟು ಹೊರಗೆ ಬಂದು ಜಗಲಿಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಅವಳೂ ಬಂದಳು.

"ದೊಡ್ಡಪ್ಪ, ಅದನ್ನ ಹಸುವಿನ ಬಾನಿಗೆ ಹಾಕ್ಬುಟ್ಟೆ. ಒಳಕ್ಕೆ ಬನ್ನಿ" ಎಂದಳು.

ಯಾಕೆ ಹೊರಗೆ ಬಂದಿರಿ ಎಂದು ಕೇಳಲಿಲ್ಲ. ಅವಳ ಅಪ್ಪನ ತಿಥಿಯವರೆಗೂ ನಮ್ಮ ಅಂಗಳದಲ್ಲಿ ಅದೇ ವಾಸನೆ ಇತ್ತು.

ಅದು ನಾನು ನಿವೃತ್ತನಾದ ಮಾರನೆಯ ವರ್ಷ. ಮಳೆ ಬಂದ ವರ್ಷ ಎಂದರೆ ನಮ್ಮ ಕಡೆಯವರಿಗೆ ಬೇರೆ ಗುರುತು ಬೇಕಾಗುವುದಿಲ್ಲ. ಆ ವರ್ಷ ಶುರುವಾದಾಗ ಮನೆಯಲ್ಲಿ ಮೂವರಿದ್ದೆವು: ನಾನು, ತಮ್ಮ ಜುಂಜಣ್ಣ, ಅವನ ಹೆಂಡತಿ ಗೌರಮ್ಮ. ಮುಗಿಯುವ ಹೊತ್ತಿಗೆ ಇಬ್ಬರು. ಈ ಇಳಿಕೆಗೆ ಕಾರಣಕರ್ತನಾದ ಅಧಿಕಾರಿ ನಾನೇ ಆದ್ದರಿಂದ ವರದಿಯನ್ನು ಒಪ್ಪಿಸುವುದೂ ನನ್ನ ಕರ್ತವ್ಯ.

ನಾನು ಮೂವತ್ತೈದು ವರ್ಷ ಬರವನ್ನು ಟೈಪ್ ಮಾಡಿದವನು. ಗುಮಾಸ್ತನಾಗಿ ಮಧುಗಿರಿಯ ಬರ ಟೈಪ್ ಮಾಡಿದ್ದೇನೆ, ಕೊರಟಗೆರೆಯದ್ದು ಮಾಡಿದ್ದೇನೆ, ಪಾವಗಡದ್ದನ್ನಂತೂ ಕಣ್ಣು ಮುಚ್ಚಿ ಮಾಡಬಲ್ಲವನಾಗಿದ್ದೆ. ಆದ್ದರಿಂದ ವಿಪತ್ತು ಎಂದರೆ ಏನು ಎಂಬ ವಿಷಯದಲ್ಲಿ ನನಗೆ ಯಾವ ಗೊಂದಲವೂ ಇರಲಿಲ್ಲ. ವಿಪತ್ತು ಎಂದರೆ ನೀರಿಲ್ಲದಿರುವುದು. ಸೇವೆಯ ಕೊನೆಯ ತಿಂಗಳಲ್ಲಿ, ಮಿಕ್ಕವರಿಗೆಲ್ಲ ಕೆಲಸವಿದ್ದ ಕಾರಣ, ಮನೆಮಟ್ಟದ ವಿಪತ್ತು ಸಿದ್ಧತೆಯ ಒಂದು ದಿನದ ತರಬೇತಿಗೆ ನನ್ನನ್ನು ಕಳಿಸಿದರು. ಅಲ್ಲಿ ಮಧ್ಯಾಹ್ನ ಊಟವಾದ ಮೇಲೆ ಪರದೆಯ ಮೇಲೆ ಪ್ರವಾಹದ ಚಿತ್ರಗಳು ಬಂದವು. ದೋಣಿ, ತೇಲುವ ಎಮ್ಮೆ, ಮಾಡಿನ ಮೇಲೆ ಕೂತ ಸಂಸಾರ. ಪಾವಗಡದ ಕಡೆಯಿಂದ ಬಂದಿದ್ದ ಒಬ್ಬ ಹಿರಿಯರು ಎದ್ದು ನಿಂತು, ಬಹಳ ವಿನಯದಿಂದ, "ತಾಗೇದಾನಿಕೇ ನೀಳ್ಳು ಲೇವು ಸಾರ್, ಮುನಿಗೇದಾನಿಕಿ ಎಕ್ಕಡ್ನುಂಚಿ ತೇವಾಲ?" ಎಂದರು. ಕುಡಿಯುವುದಕ್ಕೇ ನೀರಿಲ್ಲ, ಮುಳುಗುವುದಕ್ಕೆ ಎಲ್ಲಿಂದ ತರೋಣ ಎಂಬುದು ಪ್ರಶ್ನೆ. ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಸಂಜೆ ಒಂದು ಪ್ರಮಾಣಪತ್ರ, ಒಂದು ಕೈಪಿಡಿ, ಒಂದು ಸೀಟಿ ಕೊಟ್ಟು ಬೀಳ್ಕೊಟ್ಟರು.

ಊರು ನಮ್ಮದು ಮದಲೂರು ಕೆರೆಯ ಕೆಳಗೆ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ನಿವೃತ್ತಿಯಾದ ಮೇಲೆ ಟ್ರಂಕು ಹೊತ್ತುಕೊಂಡು ತಮ್ಮನ ಮನೆ ಸೇರಿದೆ. ನನ್ನನ್ನು ಓದಿಸುವುದಕ್ಕಾಗಿ ನಾಲ್ಕನೆಯ ತರಗತಿಗೇ ಸ್ಲೇಟು ಕೆಳಗಿಟ್ಟು ನೇಗಿಲು ಹಿಡಿದವನು ಅವನು. ಅದನ್ನು ಅವನು ಒಂದು ದಿನವೂ ಎತ್ತಿ ಆಡಿದವನಲ್ಲ. "ಬಂದ್ಯಾ ಅಣ್ಣ, ಇನ್ನು ನಂಗೂ ಒಬ್ಬ ಸಾಹೇಬ ಸಿಕ್ಕಿದಂಗಾಯ್ತು" ಎಂದು ಟ್ರಂಕು ಇಳಿಸಿಕೊಂಡ. ಪಾಪ, ಮಾತಿಗೆ ಹೇಳಿದ್ದು. ನಾನು ನೇಮಕಾತಿ ಆದೇಶವೆಂದು ತಿಳಿದೆ.

ಒಂದು ವಾರದೊಳಗೆ ಗೃಹ ವಿಪತ್ತು ನಿರ್ವಹಣೆಯ ಅಧಿಕಾರವನ್ನು ವಹಿಸಿಕೊಂಡೆ. ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಬ್ಯಾಂಡೇಜು, ಓಆರ್‌ಎಸ್ ಪೊಟ್ಟಣ, ಪ್ಲಾಸ್ಟಿಕ್ ಹಗ್ಗ, ರೇಷನ್ ಕಾರ್ಡಿನ ನಕಲು ಇವೆಲ್ಲ ಸೇರಿದವು. ಕೈಪಿಡಿಯಲ್ಲಿ ಪ್ರವಾಹಕ್ಕೆ ಮೀಸಲಾದ ನಾಲ್ಕು ಹಾಳೆ ಇದ್ದವು. ಅವನ್ನು ಬಿಚ್ಚಿ ಗೌರಮ್ಮನಿಗೆ ಕೊಟ್ಟೆ. ಅಡುಗೆಮನೆಯ ಗೂಡಿಗೆ ಹಾಸುವುದಕ್ಕೆ ಗಟ್ಟಿ ಕಾಗದ ಬೇಕೆಂದು ಕೇಳುತ್ತಿದ್ದಳು. ಸೀಟಿ ಊದಿದ ಎರಡು ನಿಮಿಷದೊಳಗೆ ಸಕಲ ಕುಟುಂಬಸ್ಥರೂ ಅಂಗಳದಲ್ಲಿ ಹಾಜರಿರತಕ್ಕದ್ದು ಎಂದು ಗೋಡೆಗೆ ಬರೆದು ಅಂಟಿಸಿದೆ. ಮೊದಲನೆಯ ಅಣಕು ಕವಾಯತಿಗೆ ನಾಯಿ ಮಾತ್ರ ಹಾಜರಾಯಿತು. ಗೌರಮ್ಮ ಬಚ್ಚಲೊಲೆಗೆ ಸೌದೆ ಒಟ್ಟಿ, ಕೈ ಒರೆಸಿಕೊಂಡು, ಹನ್ನೊಂದು ನಿಮಿಷಕ್ಕೆ ಬಂದಳು. ಜುಂಜಣ್ಣ ಹೊಲದಿಂದ ಫೋನು ಮಾಡಿದ.

"ಅಣ್ಣ, ಸೀಟಿ ಊದ್ದಂಗಾಯ್ತು. ಅರ್ಜೆಂಟಾ?"

"ಅಣಕು ಕಣ್ಲಾ. ವಿಪತ್ತು ಬಂದಿದೆ ಅಂತ ತಿಳ್ಕೊಂಡು ಓಡಿ ಬರಬೇಕು."

"ತಿಳ್ಕಂಡೆ ಬುಡು. ಇನ್ನೆಲ್ಡು ಸಾಲು ಹೊಡ್ಕಂಡು ಬತ್ತೀನಿ."

ಗೌರಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಆಗ ನನಗೆ ಸಿಟ್ಟು ಬಂದಿತ್ತು. ಆ ನಗು ಈಗ ಬೇಕೆಂದರೆ ಎಲ್ಲಿ ಹುಡುಕಲಿ.

ನನ್ನ ಆಡಳಿತದ ಮಹತ್ಕಾರ್ಯವೆಂದರೆ ಹಗೇವು. ಅಂಗಳದ ಮೂಲೆಯಲ್ಲಿ ಅಪ್ಪನ ಕಾಲದ ಹಗೇವು ಇತ್ತು. ನೆಲದೊಳಗೆ ಎರಡಾಳು ಆಳಕ್ಕೆ ಹೂಜಿಯಂತೆ ತೋಡಿದ ಗುಂಡಿ; ಬಾಯಿ ಒಬ್ಬ ಮನುಷ್ಯ ತೂರುವಷ್ಟು, ಹೊಟ್ಟೆ ಅಗಲ. ಒಳಗೆ ರಾಗಿಹುಲ್ಲು ಒತ್ತಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಬೀಳುವುದಿಲ್ಲ. ಮಳೆ ಕೈಕೊಟ್ಟ ವರ್ಷ ತೆಗೆಯುವುದು. ಅದು ಪಾಳು ಬಿದ್ದು ಎಷ್ಟೋ ಕಾಲವಾಗಿತ್ತು, ಚಪ್ಪಡಿಯ ಮೇಲೆ ಗೌರಮ್ಮ ಬಟ್ಟೆ ಒಗೆಯುತ್ತಿದ್ದಳು. ಬರಕ್ಕೆ ಇದಕ್ಕಿಂತ ದೊಡ್ಡ ಸಿದ್ಧತೆ ಯಾವುದಿದೆ ಎಂದು ಪುನರುಜ್ಜೀವನಕ್ಕೆ ಆಜ್ಞೆ ಹೊರಡಿಸಿದೆ. ಜುಂಜಣ್ಣ ಎರಡು ಮಾತು ಆಡಲಿಲ್ಲ. "ನೀನು ಓದ್ದೋನು. ನೀನು ಹೇಳಿದ್‌ಮ್ಯಾಕೆ ಸರೀನೇ ಇರ್ತದೆ" ಎಂದ. ಸಂಕ್ರಾಂತಿ ಕಳೆದ ಮೇಲೆ, ಆ ಸಲದ ರಾಗಿಯಲ್ಲಿ ಮಳೆಗಾಲದವರೆಗಿನ ಊಟಕ್ಕಾಗುವಷ್ಟು ಉಳಿಸಿಕೊಂಡು, ಮಿಕ್ಕಿದ್ದನ್ನೆಲ್ಲ ಅದರೊಳಗೆ ಸುರಿದೆವು; ಕಾಲು ಭಾಗ ತುಂಬಿತು.

ಚಪ್ಪಡಿ ಮುಚ್ಚುವ ದಿನ ಬಷೀರ್ ಸಾಬರು ಬಂದಿದ್ದರು. ಅವರು ಸಿರಾದವರು. ಮದುವೆಯಾದ ಹೊಸದರಲ್ಲಿ ನಮ್ಮೂರಿಗೆ ಬಂದು ರಸ್ತೆಯಾಚೆ ಸ್ಟೋವು, ಲಾಟೀನು ರಿಪೇರಿಯ ಅಂಗಡಿ ಇಟ್ಟವರು. ಈಗ ಆ ಅಂಗಡಿಯಲ್ಲಿ ಮಗ ಮೊಬೈಲ್ ಕವರು ಮಾರುತ್ತಾನೆ, ಇವರು ಮೂಲೆಯಲ್ಲಿ ಒಂದು ಸ್ಟೂಲು ಉಳಿಸಿಕೊಂಡಿದ್ದಾರೆ. ಅವರ ತಂದೆ ಊರೂರ ಹಗೇವು ತೆಗೆಯುವ ಕೂಲಿಗೆ ಹೋಗುತ್ತಿದ್ದರಂತೆ.

"ತೆಗೆಯೋ ದಿವಸ ಒಂದು ಮಾತು ಜ್ಞಾಪಕ ಇಟ್ಕೊಳಿ ಸಾಮಿ" ಎಂದರು ಸಾಬರು. "ಬಾಯಿ ತೆಗೆದು ಒಂದು ಹಗಲು, ಒಂದು ರಾತ್ರಿ ಬುಟ್ಬುಡಬೇಕು. ಆಮ್ಯಾಕೆ ದೀಪ ಇಳಿಸಿ ನೋಡ್ಬೇಕು. ದೀಪ ನಿಂತ್ರೆ ಮನುಷ್ಯ ಇಳೀಬೋದು. ದೀಪ ಹೋದ್ರೆ ಇಳಿದೋನೂ ಹೋದ."

ನಾನು ಇದನ್ನು ಅಲ್ಲೇ ಪುಸ್ತಕದಲ್ಲಿ ಬರೆದುಕೊಂಡೆ. 'ದೀಪ ಇಳಿಸಿ ಪರೀಕ್ಷಿಸದೆ ಯಾರೂ ಇಳಿಯತಕ್ಕದ್ದಲ್ಲ.' ಕೆಳಗೆ ಸಹಿ ಹಾಕಿದೆ. ಯಾಕೆ ಎಂದು ಕೇಳಲಿಲ್ಲ. ಸುತ್ತೋಲೆ ಬಂದರೆ ಪಾಲಿಸುವುದು, ಕಾರಣ ಕೇಳದಿರುವುದು, ಇದು ಮೂವತ್ತೈದು ವರ್ಷದ ಅಭ್ಯಾಸ.

"ಲಾಟೀನು ಬೇಕಾ? ನಮ್ಮ ಅಂಗಡೀಲಿ ಒಂದೈತೆ, ಹಂಗೇ ತಗೊಂಡೋಗಿ" ಎಂದರು.

"ಸೀಮೆಎಣ್ಣೆ ಎಲ್ಲಿ ಸಿಗ್ತದೆ ಸಾಬರೆ ಈಗ?"

"ಡೀಸೆಲ್ ಹಾಕಿದ್ರೂ ಉರೀತದೆ. ಹೊಗೆ ಜಾಸ್ತಿ, ಅಷ್ಟೇ."

ನಾನು ಅವರಿಗೆ ಕೈಪಿಡಿಯನ್ನು ತೋರಿಸಿದೆ. ತುರ್ತು ಸಂದರ್ಭದಲ್ಲಿ ಬೆಂಕಿಯ ದೀಪ ಕೂಡದು, ಬ್ಯಾಟರಿಯದ್ದೇ ಇರಲಿ ಎಂದು ಅದರಲ್ಲಿ ಸ್ಪಷ್ಟವಾಗಿ ಇತ್ತು. ಸಾಬರಿಗೆ ಕನ್ನಡ ಓದಲು ಬಾರದು. ತಲೆಯಾಡಿಸಿ ಹೋದರು. ಮಾರನೆಯ ದಿನವೇ ಸಿರಾಕ್ಕೆ ಹೋಗಿ, ಚಾರ್ಜು ಮಾಡುವ ಎಲ್‌ಇಡಿ ದೀಪವೊಂದನ್ನು ತಂದು, ಪೆಟ್ಟಿಗೆಗೆ ಸೇರಿಸಿದೆ. ಲಾಟೀನಿನದ್ದೇ ಆಕಾರ, ಮೇಲೆ ಹಿಡಿಕೆ. ಬೆಳಕು ಹತ್ತು ಲಾಟೀನಿನಷ್ಟು.

ಆಮೇಲೆ ಮಳೆ ಹಿಡಿಯಿತು. ಮಘೆಯಲ್ಲಿ ಶುರುವಾದದ್ದು ಹುಬ್ಬೆಯಲ್ಲಿ ನಿಲ್ಲಲಿಲ್ಲ. ಮೊದಲ ವಾರ ಜನ ಕೈಮುಗಿದರು. ಎರಡನೆಯ ವಾರ ಕೆರೆ ನೋಡುವುದಕ್ಕೆ ಹೋದರು. ಮದಲೂರು ಕೆರೆಯ ಅಂಗಳದಲ್ಲಿ ಜಾಲಿ ಮರಗಳ ನೆತ್ತಿ ಮಾತ್ರ ಕಾಣುತ್ತಿತ್ತು. ಉತ್ತರೆ ಮಳೆಗೆ ಕೋಡಿ ಹರಿಯಿತು. ಸುತ್ತಲ ಹಳ್ಳಿಯವರೆಲ್ಲ ಟ್ರ್ಯಾಕ್ಟರಿನಲ್ಲಿ ಬಂದು ಏರಿಯ ಮೇಲೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಮುತ್ತೈದೆಯರು ಬಾಗಿನ ಬಿಟ್ಟರು. ಗೌರಮ್ಮನೂ ಬಿಟ್ಟಳು, ಹೊಸ ಮೊರದಲ್ಲಿ ಬಳೆ, ಅರಿಸಿನ, ಕುಂಕುಮ. ಗಂಡನ ಆಯುಷ್ಯಕ್ಕೆಂದು ಕೇಳಿಕೊಂಡಿರಬೇಕು. ಜುಂಜಣ್ಣ ಕೋಡಿಯ ನೀರಿನಲ್ಲಿ ಮೊಣಕಾಲವರೆಗೆ ಇಳಿದು, ಚಿಕ್ಕ ಹುಡುಗನ ಹಾಗೆ ಎರಡೂ ಕೈಯಲ್ಲಿ ನೀರೆತ್ತಿ ಮುಖಕ್ಕೆ ಹೊಡೆದುಕೊಂಡ.

"ಅಣ್ಣ, ಬರ ಬರ ಅಂತಿದ್ದೆ. ಈಗೇನಂತೀಯ?"

"ಬರುತ್ತೆ ಬಿಡು" ಎಂದೆ. ಸಿದ್ಧತೆ ಮಾಡಿಕೊಂಡವನಿಗೆ ವಿಪತ್ತು ಬಾರದಿದ್ದರೆ ಆಗುವ ನಿರಾಶೆ ಏನೆಂದು ಅನುಭವಿಸಿದವರಿಗೇ ಗೊತ್ತು.

ಕೋಡಿ ನೀರು ನಮ್ಮೂರ ಹಳ್ಳದಲ್ಲಿ ಹರಿಯತೊಡಗಿತು. ಆ ಹಳ್ಳ ಬತ್ತಿ ಎಷ್ಟು ಕಾಲವಾಗಿತ್ತೆಂದರೆ ಅರ್ಧ ಊರು ಅದರ ದಡಕ್ಕೆ ಒತ್ತಿ ಮನೆ ಕಟ್ಟಿಕೊಂಡಿತ್ತು, ನಾವೂ ಸೇರಿ. ಸಿರಾ ರಸ್ತೆಯ ಮೋರಿಯ ಮೇಲೆ ನೀರು ಹತ್ತಿ ಬಸ್ಸು ನಿಂತಿತು. ಅಂಗಳ ಒದ್ದೆಯಾಗಿ ಕಾಲಿಟ್ಟಲ್ಲಿ ನೀರು ಒಸರುತ್ತಿತ್ತು. ಒಂದು ಬೆಳಿಗ್ಗೆ ಗೌರಮ್ಮ ಬಟ್ಟೆ ಒಗೆಯಲು ಹೋದವಳು ಬಕೆಟ್ಟು ಅಲ್ಲೇ ಬಿಟ್ಟು ಬಂದಳು.

"ಭಾವ, ಹಗೇವಿನ ತಾವ ಹುಳಿ ವಾಸ್ನೆ ಬತ್ತಾ ಐತೆ."

ಚಪ್ಪಡಿಯ ಅಂಚಿಗೆ ಮೂಗಿಟ್ಟು ನೋಡಿದೆವು. ನೆಲದೊಳಗಿನಿಂದ ನೀರು ಇಳಿದು ರಾಗಿ ನೆಂದಿತ್ತು. ಇನ್ನೆರಡು ದಿನ ಬಿಟ್ಟರೆ ವರ್ಷದ ಕೂಳು ದನಕ್ಕೂ ಆಗದು. ನಾನು ಪುಸ್ತಕ ತಂದು, ನಿಯಮಗಳನ್ನು ಗಟ್ಟಿಯಾಗಿ ಓದಿದೆ. ಜುಂಜಣ್ಣ ಹಾರೆ ಹಾಕಿ ಚಪ್ಪಡಿ ಸರಿಸಿದ. ಬಾಯಿಂದ ಸೆಖೆ ಎದ್ದಿತು.

"ಅಪ್ಪ ಇದ್ದಾಗ ಒಂದಿನ ಪೂರಾ ತೆಗೆದು ಬುಡ್ತಿದ್ದ, ಅಲ್ವೇನಣ್ಣ?"

ಬಡಗಣ ದಿಕ್ಕಿನಲ್ಲಿ ಮೋಡ ಕಪ್ಪಾಗಿತ್ತು. ಬಾಯಿ ತೆರೆದಿಟ್ಟು ಮಳೆ ಬಂದರೆ ಇದ್ದದ್ದೂ ಹೋಗುತ್ತದೆ. ತುರ್ತು ಸಂದರ್ಭದಲ್ಲಿ ಗಡುವನ್ನು ಕಡಿತಗೊಳಿಸುವ ಅಧಿಕಾರ ಮುಖ್ಯಸ್ಥನಿಗೆ ಇದ್ದೇ ಇರುತ್ತದೆ.

"ಅಪ್ಪನ ಕಾಲದಾಗೆ ಇಂಗೆ ಮಳೆ ಎಲ್ಲಿತ್ಲಾ? ಒಂದು ಗಂಟೆ ಸಾಕು. ಹೆಂಗೂ ದೀಪ ಇಳಿಸಿ ನೋಡ್ತೀವಲ್ಲ."

"ಅದೂ ಸರಿ" ಎಂದ.

ಒಂದು ಗಂಟೆ ಕಾದೆವು. ಕಾಫಿ ಕುಡಿದೆವು. ಪೆಟ್ಟಿಗೆಯ ಬೀಗ ತೆಗೆದು ದೀಪಕ್ಕೆ ಹಗ್ಗ ಕಟ್ಟಿದೆ, ಗುಂಡಿ ಒತ್ತಿದೆ, ನಾನೇ ನನ್ನ ಕೈಯಾರೆ ಇಳಿಸಿದೆ. ನಿಯಮ ನಿಯಮವೇ. ದೀಪ ಬಾಯಿ ದಾಟಿತು, ಕೊರಳು ದಾಟಿತು, ರಾಗಿಯ ಮೇಲೆ ಕೂತಿತು. ಗಡಿಯಾರ ನೋಡಿಕೊಂಡು ಐದು ನಿಮಿಷ ಬಿಟ್ಟೆ.

"ಉರೀತಾ ಐತಾ?"

ಜುಂಜಣ್ಣ ಬಗ್ಗಿ ನೋಡಿದ. "ಉರೀತಾ ಐತೆ ಕಣಣ್ಣ. ಒಳಗೆ ಹಗಲಾದಂಗೈತೆ."

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಹಗ್ಗ ಕಟ್ಟಿದ ಮಂಕರಿ ಬುಟ್ಟಿಯನ್ನು ಹಿಂದೆಯೇ ಬಿಟ್ಟೆ. ಅವನು ರಾಗಿಯ ಮೇಲೆ ನಿಂತು ತಲೆ ಎತ್ತಿದ. ದೀಪದ ಬೆಳಕಿನಲ್ಲಿ ಮುಖದ ಬೆವರು ಕೂಡ ಕಾಣುತ್ತಿತ್ತು.

"ಅಣ್ಣ, ರಾಗಿ ಬೆಚ್ಚಗೈತೆ ಕಣೋ" ಎಂದ.

ಬಗ್ಗಿ ಮಂಕರಿಗೆ ಎರಡು ಬೊಗಸೆ ತುಂಬಿದ. ಆಮೇಲೆ ಮೆಲ್ಲಗೆ ಕೂತುಕೊಂಡ. ಗೋಡೆಗೆ ಒರಗಿದ.

"ಮೋಡ ಹತ್ರ ಬತ್ತಾ ಐತೆ, ಅಲ್ಲೇನು ಕುಂತ್ಕೊಂಡ್ಬುಟ್ಟೆ, ಏಳ್ಲಾ ಸೋಂಬೇರಿ" ಎಂದು ಬೈದೆ.

ನನ್ನ ತಮ್ಮನೊಂದಿಗೆ ನಾನು ಆಡಿದ ಕೊನೆಯ ಮಾತು ಇದು. ಜೀವಮಾನವಿಡೀ ಕೂತು ತಿಂದವನು ಜೀವಮಾನವಿಡೀ ದುಡಿದವನಿಗೆ ಹೇಳಿದ್ದು.

ಎರಡು ಸಲ ಕರೆದೆ. ಮೂರನೆಯ ಸಲಕ್ಕೆ ಸೀಟಿ ಊದಿದೆ. ಗೌರಮ್ಮ ಕೈಯಲ್ಲಿ ಹಿಟ್ಟಿನ ಸಮೇತ ಓಡಿ ಬಂದಳು, ನಾಯಿ ಬಂತು, ಆಚೀಚೆ ಮನೆಯವರು ಬಂದರು, ರಸ್ತೆಯಾಚೆಯಿಂದ ಬಷೀರ್ ಸಾಬರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬಂದರು. ನಾನು ನಡೆಸಿದ ಕವಾಯತುಗಳಲ್ಲಿ ಸರ್ವರೂ ಎರಡು ನಿಮಿಷದೊಳಗೆ ಹಾಜರಾದದ್ದು ಅದೊಂದೇ.

ನಾನು ಹಗೇವಿನ ಬಾಯಿಗೆ ಒಂದು ಕಾಲು ಇಳಿಬಿಟ್ಟಿದ್ದೆ. ಸಾಬರು ಅಂಗಿಯ ಕೊರಳು ಹಿಡಿದು ಹಿಂದಕ್ಕೆ ಎಳೆದು ಕೆಡವಿದರು.

"ದೀಪ ಬುಟ್ಟು ನೋಡಿದ್ರಾ?"

"ಬಿಟ್ಟೆ. ನೋಡಿ, ಉರೀತಾ ಇದೆ."

ಸಾಬರು ಬಗ್ಗಿ ನೋಡಿದರು. ನನ್ನ ಕಡೆ ಒಂದು ಸಲ ತಿರುಗಿದರು. ಗೌರಮ್ಮನಿಗೆ, "ತಾಯಿ, ದೇವರ ಮುಂದಿನ ದೀಪ ತಗೊಂಬಾ" ಎಂದರು. ಅವಳು ತಂದ ಹಣತೆಯನ್ನು ಲೋಟದಲ್ಲಿಟ್ಟು, ದಾರ ಕಟ್ಟಿ, ಎಲ್ಲರ ಮುಂದೆ ಇಳಿಸಿದರು. ಬಾಯಿಂದ ಒಂದು ಮೊಳ ಇಳಿದಿರಲಿಲ್ಲ. ಯಾರೋ ಬೆರಳಲ್ಲಿ ಹೊಸಕಿದ ಹಾಗೆ ಹೋಯಿತು. ಕೆಳಗೆ, ಜುಂಜಣ್ಣನ ಮೊಣಕಾಲ ಪಕ್ಕದಲ್ಲಿ, ನನ್ನ ದೀಪ ಝಗಝಗ ಉರಿಯುತ್ತಲೇ ಇತ್ತು.

ಗೌರಮ್ಮ ಇಳಿಯಲು ಹೋದಳು. ಇಬ್ಬರು ಹೆಂಗಸರು ಅವಳನ್ನು ಹಿಡಿದುಕೊಂಡರು. ಬೇವಿನ ಕೊಂಬೆ ಕಡಿದು, ಹಗ್ಗ ಕಟ್ಟಿ, ಹಗೇವಿನೊಳಗೆ ಮೇಲೆ ಕೆಳಗೆ ಆಡಿಸಿ ಗಾಳಿ ಹಾಯಿಸಿದರು. ನಾಲ್ಕು ಜನ ಸೊಂಟದ ಹಗ್ಗ ಎಳೆದರು. ಕೈಪಿಡಿಯ ಪಟ್ಟಿಯಲ್ಲಿದ್ದ ಪ್ರಕಾರವೇ ತಂದ ಪ್ಲಾಸ್ಟಿಕ್ ಹಗ್ಗ, ಒದ್ದೆ ಕೈಯಲ್ಲಿ ಜಾರುತ್ತಿತ್ತು. ಎಚ್ಚರ ತಪ್ಪಿದ ದೇಹ ಕಿರಿದಾದ ಬಾಯಿಗೆ ಅಡ್ಡ ಸಿಕ್ಕಿಕೊಂಡಿತು. ಎರಡು ಸಲ ಕೆಳಗೆ ಬಿಟ್ಟು ಮತ್ತೆ ಎಳೆಯಬೇಕಾಯಿತು. ಆಂಬುಲೆನ್ಸು ಮೋರಿಯ ಆಚೆ ದಡದವರೆಗೆ ಬಂದು ನಿಂತಿದೆ ಎಂದು ಯಾರೋ ಬಂದು ಹೇಳಿದರು. ಅದರ ಸೈರನ್ನು ನಮಗೂ ಕೇಳುತ್ತಿತ್ತು. ಅಷ್ಟು ಹತ್ತಿರ. ನೀರು ಇಳಿಯುವತನಕ ಅದು ಅಲ್ಲೇ ಇತ್ತು. ಅವನನ್ನು ಮೇಲಕ್ಕೆ ತಂದು ಚಪ್ಪಡಿಯ ಮೇಲೆ ಮಲಗಿಸಿದಾಗ ಕೂದಲಲ್ಲಿ, ಮೀಸೆಯಲ್ಲಿ ರಾಗಿ ಅಂಟಿತ್ತು. ಗೌರಮ್ಮ ಒಂದೊಂದಾಗಿ ಬಿಡಿಸುತ್ತಾ ಕೂತಳು. ಆಮೇಲೆ ಮಳೆ ಬಂತು.

ಎಲ್ಲ ಮುಗಿದ ಮೇಲೆ ಸಾಬರು ಆ ದೀಪವನ್ನು ಮೇಲಕ್ಕೆ ಎಳೆದು ನನ್ನ ಕೈಗಿಟ್ಟರು. ಇನ್ನೂ ಉರಿಯುತ್ತಿತ್ತು.

"ಇದು ಉಸಿರಾಡಲ್ಲ ಸಾಮಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಎಣ್ಣೆ ದೀಪ ನಮ್ಮಂಗೆ, ಗಾಳಿ ಬೇಕು. ಇದು ಗೋರಿ ಒಳಗೂ ಉರೀತದೆ."

ಮಾರನೆಯ ದಿನ ನೀರಿಳಿದ ಮೇಲೆ ಪೊಲೀಸಿನವರು ಬಂದು ಹೇಳಿಕೆ ಬರೆದುಕೊಂಡರು. ಬಂದಾತ ಒಳ್ಳೆಯವನು. ದೀಪ ಇಳಿಸಿ ಪರೀಕ್ಷೆ ಮಾಡಿದ್ದಿರಾ ಎಂದು ಕೇಳಿದ. ಮಾಡಿದ್ದೆವು ಎಂದೆ. ಅದು ಸುಳ್ಳಲ್ಲ. ಮುಂಜಾಗ್ರತೆ ವಹಿಸಲಾಗಿತ್ತು ಎಂದು ಬರೆದು ನನ್ನ ಸಹಿ ಪಡೆದ. ಮೂವತ್ತೈದು ವರ್ಷ ನಾನು ಕಾಗದದ ಮೇಲೆ ಇಂಥ ಎಷ್ಟೋ ವಾಕ್ಯಗಳನ್ನು ಟೈಪ್ ಮಾಡಿದ್ದೆ, ಒಂದನ್ನೂ ಓದಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಗೌರಮ್ಮ ಕೇಳಿಸಿಕೊಳ್ಳುತ್ತಿದ್ದಳು. ತಿಥಿಯ ಅಡುಗೆಗೆಂದು ಗೂಡು ಗುಡಿಸುವಾಗ ಉಪ್ಪಿನ ಜಾಡಿಯ ಕೆಳಗೆ ಹಾಸಿದ್ದ ಹಾಳೆಯನ್ನು ನಾನು ಓದಿದೆ. ನೀರು ನುಗ್ಗಿದ ಗುಂಡಿ, ಹಳೆಯ ಬಾವಿಗಳಿಗೆ ಯಾವ ಕಾರಣಕ್ಕೂ ಇಳಿಯಬಾರದು ಎಂದು ಮೂರನೆಯ ಪುಟದಲ್ಲಿ ಇತ್ತು. ಉಪ್ಪು ಒಸರಿ ಅಕ್ಷರ ಸ್ವಲ್ಪ ಮಾಸಿತ್ತು. ಓದುವುದಕ್ಕೆ ತೊಂದರೆಯಾಗಲಿಲ್ಲ.

ಹಗೇವಿಗೆ ಎರಡು ಟ್ರ್ಯಾಕ್ಟರು ಮಣ್ಣು ಹೊಡೆಸಿ ಮುಚ್ಚಿದೆವು. ಗೋಡೆಯ ಮೇಲಿನ ಆದೇಶವನ್ನು ನಾನೇ ಕಿತ್ತೆ. ಮಗಳು ಕೊಳಾಲಕ್ಕೆ ಬಂದುಬಿಡು ಎಂದು ಕರೆದರೂ ಗೌರಮ್ಮ ಹೋಗಲಿಲ್ಲ. ನನ್ನನ್ನು ಹೋಗೆಂದೂ ಹೇಳಲಿಲ್ಲ. ಹೊತ್ತಿಗೆ ಸರಿಯಾಗಿ ಮುದ್ದೆ ಹಾಕುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಮಾತ್ರೆ ನೆನಪಿಸುತ್ತಾಳೆ. ಬೈದಿದ್ದರೆ ಬೈಗುಳಕ್ಕೆ ಉತ್ತರ ಹುಡುಕಿಕೊಂಡು ಕಾಲ ಹಾಕಬಹುದಿತ್ತು. ಅವಳು ಒಂದೇ ಒಂದು ಕೆಲಸ ಮಾಡಿದಳು. ತಿಂಗಳು ಕಳೆದ ಮೇಲೆ ರಸ್ತೆ ದಾಟಿ ಹೋಗಿ ಬಷೀರ್ ಸಾಬರಿಂದ ಆ ಲಾಟೀನನ್ನು ಕೇಳಿ ತಂದಳು.

ಅಂದಿನಿಂದ ಮುಸ್ಸಂಜೆಗೆ ಅದಕ್ಕೆ ಡೀಸೆಲ್ ಹಾಕಿ, ಹಚ್ಚಿ, ಹೊರಬಾಗಿಲ ಮೊಳೆಗೆ ನೇತುಹಾಕುತ್ತಾಳೆ. ಸಾಬರು ಹೇಳಿದಂತೆ ಹೊಗೆ ಜಾಸ್ತಿ. ಬೆಳಿಗ್ಗೆ ಗಾಜು ಒರೆಸುವುದು ಅವಳ ಮೊದಲ ಕೆಲಸ. ನಾನು ಬಸ್‌ಸ್ಟ್ಯಾಂಡಿನ ಕಟ್ಟೆಯಿಂದ ಮನೆಗೆ ಬರುವ ಹೊತ್ತಿಗೆ ಅವಳು ಹೊಸಿಲಿನ ಒಳಗೆ ನಿಂತಿರುತ್ತಾಳೆ. ದಾರಿ ಬಿಡುವುದಿಲ್ಲ. ಕೊಳಾಲದಿಂದ ಮೊನ್ನೆ ಬಂದಾಗಲೂ ನಿಂತಿದ್ದಳು. ಮಗಳು ಹೇಗಿದ್ದಾಳೆ, ಕೂಸಿನ ಜ್ವರ ಬಿಟ್ಟಿತೇ ಎಂಬುದೆಲ್ಲ ಆಮೇಲೆ.

"ಭಾವ, ದೀಪ ಉರೀತಾ ಐತಾ ನೋಡಿ."

ನಾನು ತಲೆ ಎತ್ತಿ, ಮೂಗಿಗೆ ಡೀಸೆಲ್ ಹೊಗೆ ಬಡಿಯುವಷ್ಟು ಹತ್ತಿರ ಹೋಗಿ ನೋಡಿದೆ.

"ಉರೀತಾ ಐತೆ ಕಣಮ್ಮ."

"ಅಂಗಾದ್ರೆ ನೀವು ಒಳಕ್ಕೆ ಬರ್ಬೋದು" ಎಂದು ಅವಳು ಪಕ್ಕಕ್ಕೆ ಸರಿದಳು.